ಕಾಯಿಕೊರಕದೊಳಗಿನ ಬ್ಯಾಕ್ಟೀರಿಯಾ ನಮ್ಮ ಎನ್‌ಪಿವಿಯನ್ನು ತಡೆಯುತ್ತದೆಯೇ?

ಪ್ರಶ್ನೆ: ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೊಳ್ಳೆಯೊಳಗಿದ್ದರೆ ಡೆಂಗಿ ವೈರಸ್ ಬೆಳೆಯುವುದಿಲ್ಲವೆಂದು ಓದಿದೆ. ತೊಗರಿಯ ಕಾಯಿಕೊರಕಕ್ಕೆ ನಾವು ಹುಳುವಿಗೆ ರೋಗ ತಂದು ಕೊಲ್ಲುವ ಎನ್‌ಪಿವಿ ವೈರಸ್ ಸಿಂಪಡಿಸುತ್ತೇವೆ. ಹೋದ ವರ್ಷ ಹುಳು ಅಷ್ಟಾಗಿ ಸಾಯಲಿಲ್ಲ. ಅದರೊಳಗಿನ ಬ್ಯಾಕ್ಟೀರಿಯಾ ಈ ವೈರಸ್ಸನ್ನೂ ತಡೆದಿರಬಹುದೇ?
— ತೊಗರಿ ಬೆಳೆಗಾರರೊಬ್ಬರು, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಊಹೆ ತರ್ಕಬದ್ಧವಾಗಿಯೇ ಇದೆ, ಆದರೆ ಎರಡೂ ವೈರಸ್‌ಗಳ ಜಾತಿಯೇ ಬೇರೆ. ಡೆಂಗಿಯದು ಆರ್‌ಎನ್‌ಎ ವೈರಸ್. ಅದು ಜೀವಕೋಶದ ರಸದಲ್ಲಿ, ಕೋಶದ ಕೊಬ್ಬಿನ ಪೊರೆಗಳನ್ನು ಬಳಸಿಕೊಂಡು ವೃದ್ಧಿಯಾಗುತ್ತದೆ. ವೋಲ್ಬಾಕಿಯಾ ಕೂಡ ಅದೇ ಕೋಶರಸದಲ್ಲಿ ನೆಲೆಸಿ, ಆ ಕೊಬ್ಬಿನಂಶವಾದ ಕೊಲೆಸ್ಟರಾಲನ್ನೇ ಬಳಸುವುದರಿಂದ, ವೈರಸ್ಸಿಗೆ ಬೇಕಾದ ಸಾಮಗ್ರಿಗೆ ಕೊರತೆ ಬೀಳುತ್ತದೆ ಎಂಬುದು ಒಂದು ವಿವರಣೆ. ಇದೊಂದೇ ಕಾರಣವೆಂದು ಹೇಳಲಾಗದು. ಕೋಶದಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ಹೆಚ್ಚಿದಷ್ಟೂ ತಡೆ ಬಲವಾಗುತ್ತದೆಂಬುದಂತೂ ಮತ್ತೆ ಮತ್ತೆ ಕಂಡುಬಂದಿದೆ. ಈ ಗುಣ ಮೊದಲು ಬೆಳಕಿಗೆ ಬಂದದ್ದು 2008ರಲ್ಲಿ, ಸೊಳ್ಳೆಯಲ್ಲಲ್ಲ, ಹಣ್ಣಿನ ನೊಣದಲ್ಲಿ.

ಎನ್‌ಪಿವಿಯಾದರೋ ಕೋಶಕೇಂದ್ರದೊಳಗೆ ಬೆಳೆಯುವ ಡಿಎನ್‌ಎ ವೈರಸ್. ಆಫ್ರಿಕದ ಸೈನಿಕ ಹುಳುವಿನಲ್ಲಿ ವೋಲ್ಬಾಕಿಯಾ ಇದ್ದಾಗ ಎನ್‌ಪಿವಿ ಸೋಂಕು ತಗ್ಗುವ ಬದಲು ಹೆಚ್ಚೇ ಆಯಿತು. ಕರುಳಿನ ಬ್ಯಾಕ್ಟೀರಿಯಾಗಳೂ ಸದಾ ಕೀಟದ ಪಕ್ಷದಲ್ಲಿರುವುದಿಲ್ಲ: ಸೆರಾಷಿಯಾ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಪ್ರೋಟೀನೊಂದು ಈಡಿಸ್ ಸೊಳ್ಳೆಯ ಕರುಳಿನ ಲೋಳೆಪದರವನ್ನು ಕರಗಿಸಿ ಡೆಂಗಿ ವೈರಸ್ಸಿಗೆ ದಾರಿ ಬಿಡುತ್ತದೆ. ಆದ್ದರಿಂದ ಒಂದು ಕೀಟದ ಅನುಭವವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಸ್ವಾರಸ್ಯವೆಂದರೆ, ನಿಮ್ಮ ಕಾಯಿಕೊರಕದಲ್ಲಿ ಎನ್‌ಪಿವಿಗೆ ಅಡ್ಡಿಯಾಗುವ ಸಹವಾಸಿಯೊಂದು ಚೀನಾದಲ್ಲಿ ನಿಜಕ್ಕೂ ಪತ್ತೆಯಾಗಿದೆ. ಅದು ಬ್ಯಾಕ್ಟೀರಿಯಾ ಅಲ್ಲ, ಇನ್ನೊಂದು ವೈರಸ್, ಡೆನ್ಸೋವೈರಸ್.

ಆದರೂ ಹೊಲದಲ್ಲಿ ಮೊದಲು ಸಂದೇಹ ಪಡಬೇಕಾದದ್ದು ಬಿಸಿಲನ್ನೇ. ಸೂರ್ಯನ ಅತಿನೇರಳೆ ಕಿರಣಗಳು ಎಲೆಯ ಮೇಲಿನ ವೈರಸ್ಸನ್ನು ಬೇಗ ನಿಷ್ಕ್ರಿಯಗೊಳಿಸುತ್ತವೆ. ಜೊತೆಗೆ, ಹುಳು ಅದನ್ನು ತಿಂದರೆ ಮಾತ್ರ ಸೋಂಕು ತಗಲುತ್ತದೆ, ಮೈಮೇಲೆ ಬಿದ್ದರೆ ಸಾಲದು. ದೊಡ್ಡ ಹುಳು, ಅದರಲ್ಲೂ ಕಾಯಿಯೊಳಗೆ ತಲೆ ತೂರಿಸಿರುವುದು, ಸುಲಭವಾಗಿ ಸಾಯದು. ಮರಿಹುಳುಗಳಿರುವಾಗಲೇ, ಸಂಜೆ ಹೊತ್ತು, ದ್ರಾವಣಕ್ಕೆ ತುಸು ಬೆಲ್ಲ ಬೆರೆಸಿ ಸಿಂಪಡಿಸಿರಿ. ಮರುದಿನವೇ ಫಲ ನೋಡಹೋಗಬೇಡಿ. ಹುಳು ಸಾಯಲು ಹಲವು ದಿನ ಬೇಕು. ಗಿಡದ ತುದಿಯಿಂದ ತಲೆಕೆಳಗಾಗಿ ಜೋತುಬಿದ್ದ, ಮುಟ್ಟಿದರೆ ಒಡೆದು ರಸ ಸುರಿಸುವ ಹುಳುಗಳು ಕಂಡರೆ ವೈರಸ್ ತನ್ನ ಕೆಲಸ ಮಾಡಿದೆಯೆಂದೇ ತಿಳಿಯಿರಿ.