ಸೈಬಾಮನ್ ಗುಂಪಿನ ಕೈಲಿ ಪದೇ ಪದೇ ಸೋಲುತ್ತಿದ್ದರೆ

ಡ್ರ್ಯಾಗನ್ ಬಾಲ್ ಝಡ್: ಕಾಕರಾಟ್ ವಿಡಿಯೋ ಗೇಮ್‌ನಲ್ಲಿ ಒಂದು ಸೈಬಾಮನ್ (ಕುಳ್ಳಗಿನ ಹಸಿರು ಶತ್ರು) ಬಂದರೆ ಸುಲಭ, ಮೂರು ಒಟ್ಟಿಗೆ ಬಂದರೆ ಸೋಲ್ತೀನಿ ಅಂದಿದ್ದೀರಿ. ಹೆಚ್ಚಾಗಿ ಕಾರಣ ಲಾಕ್-ಆನ್, ಅಂದರೆ ಗುರಿ ಒಂದೇ ಶತ್ರುವಿನ ಮೇಲೆ ಅಂಟಿಕೊಳ್ಳೋದು. ಒಂದನ್ನೇ ಹಿಡಿದು ಕಾಂಬೋ (ಏಟುಗಳ ಸರಣಿ) ಮುಗಿಯುವ ತನಕ ಹೊಡೀತಾ ಇರ್ತೀರಿ, ಅಷ್ಟರಲ್ಲಿ ಉಳಿದವು ಬೆನ್ನಿಗೆ ಬೀಳುತ್ತವೆ. ನನಗೂ ಹೀಗೇ ಆಗಿತ್ತು.

ಫೈಟ್ ಶುರುವಾದ ಕೂಡಲೇ ಹಿಂದಕ್ಕೆ ಡ್ಯಾಶ್ ಮಾಡಿ, ಎಲ್ಲವೂ ಸ್ಕ್ರೀನ್ ಒಳಗೆ ಕಾಣುವಷ್ಟು ದೂರ ಹೋಗಿ. ಆಮೇಲೆ ಹತ್ತಿರದ್ದಕ್ಕೆ ಲಾಕ್ ಮಾಡಿ, ನಾಲ್ಕೈದು ಏಟು ಕೊಟ್ಟು ತಕ್ಷಣ ಜಾಗ ಬದಲಿಸಿ. ಪೂರ್ತಿ ಕಾಂಬೋ ಆಸೆ ಬೇಡ. ಕೀ (ದಾಳಿಗೆ ಬೇಕಾದ ಶಕ್ತಿ) ತುಂಬಿಸಿಕೊಳ್ಳೋದು ದೂರ ಹೋದ ಮೇಲೆ ಮಾತ್ರ. ನಿಂತಲ್ಲೇ ತುಂಬಿಸಿದರೆ ಆ ಸೈಬಾಮನ್‌ಗಳು ಮೈಮೇಲೇ ಬರುತ್ತವೆ. ದೊಡ್ಡ ಸೂಪರ್ ಅಟ್ಯಾಕ್ ಅನ್ನು ಕೊನೆಗೆ ಉಳಿಯುವ ಒಂದಕ್ಕೆ ಇಟ್ಟುಕೊಳ್ಳಿ.

ಕಥೆಯಲ್ಲೂ ಇವುಗಳ ಗುಣ ಇದೇ ಅಲ್ವಾ. ಖಳನಾಯಕ ನಾಪಾ ಮಣ್ಣಿಗೆ ಬೀಜ ಹಾಕ್ತಾನೆ, 6 ಸೈಬಾಮನ್ ಮೊಳೆತು ಏಳುತ್ತವೆ. ಒಂದನ್ನು ಗೆದ್ದೆ ಅಂತ ನಾಯಕರ ಕಡೆಯ ಯಾಮ್ಚಾ ಮೈಮರೆತಾಗ ಅದು ತಬ್ಬಿಕೊಂಡು ಸಿಡಿದೇ ಬಿಡುತ್ತೆ. ನೋಡೋಕೆ ಕುಳ್ಳಗಿವೆ ಅಂತ ಹಗುರವಾಗಿ ತಗೋಬೇಡಿ.

ನಿಮ್ಮ ಲೆವೆಲ್ ಎಷ್ಟು ಅಂತ ಬರೆದಿಲ್ಲ, ಹಾಗಾಗಿ ಅದೂ ಒಂದು ಕಾರಣ ಇರಬಹುದು. ಈ ಆಟದಲ್ಲಿ ಲೆವೆಲ್ ಅಂತರ ತುಂಬಾ ಜಾಸ್ತಿ ಲೆಕ್ಕಕ್ಕೆ ಬರುತ್ತೆ. ಅವುಗಳಿಗಿಂತ ನೀವು ಕೆಳಗಿದ್ದರೆ ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸೋದು ಬಿಡಿ. ಎರಡು ಮೂರು ಸಬ್ ಸ್ಟೋರಿ (ಮುಖ್ಯ ಕಥೆಯ ಪಕ್ಕದ ಚಿಕ್ಕ ಕಥೆ) ಮುಗಿಸಿ, ಅಡುಗೆ ಮಾಡಿ ತಿಂದು, ಪ್ಯಾಲೆಟ್‌ನಲ್ಲಿ (ಫೈಟ್‌ನಲ್ಲಿ ಬಳಸುವ ಐಟಂಗಳ ಪಟ್ಟಿ) ಚೇತರಿಕೆಯ ಐಟಂ ಹಾಕಿಕೊಂಡು ಹೋಗಿ.