ಗಾಡಿ ಮಾತು: ಪಿಕಪ್‌ಗೆ ಸ್ಪೇಸರ್ ಹಾಕಿಸಲಾ?

ಪ್ರಶ್ನೆ: ನನ್ನದು ಟೊಯೋಟಾ ಹೈಲಕ್ಸ್. ಸ್ವಲ್ಪ ಅಗಲದ ಟೈರ್ ಹಾಕಿಸಿದೆ, ಈಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಎಲ್ಲೋ ಉಜ್ಜುತ್ತದೆ. 30 ಮಿ.ಮೀ. ಸ್ಪೇಸರ್ (ಗಾಡಿಗೂ ಚಕ್ರಕ್ಕೂ ನಡುವೆ ಕೂತು ಚಕ್ರವನ್ನು ಹೊರಕ್ಕೆ ತಳ್ಳುವ ಲೋಹದ ಬಿಲ್ಲೆ) ಹಾಕಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಹಾಕಿಸಬಹುದಾ? ಯಾವುದನ್ನು ಕೊಳ್ಳಲಿ?
– ಸಕಲೇಶಪುರದ ಓದುಗರು

ಉತ್ತರ: "ಎಲ್ಲೋ" ಅಂದಿರಲ್ಲ, ಆ ಎಲ್ಲೋ ಎಲ್ಲಿ ಅಂತ ಮೊದಲು ನೋಡಿ. ಟೈರಿನ ಒಳಮಗ್ಗುಲಿಗೆ ಸೀಮೆಸುಣ್ಣ ಬಳಿದು, ಎರಡೂ ಕಡೆ ಪೂರ್ತಿ ತಿರುಗಿಸಿ, ಗುರುತು ಎಲ್ಲಿ ಬಿತ್ತು ನೋಡಿ. ಚಾಸಿ ಮೇಲೋ ಸಸ್ಪೆನ್ಷನ್ನಿನ ಮೇಲಿನ ಆರ್ಮ್ ಮೇಲೋ ಬಿದ್ದಿದ್ದರೆ ಸ್ಪೇಸರ್ ಕೆಲಸಕ್ಕೆ ಬರುತ್ತದೆ. ಮಡ್‌ಫ್ಲಾಪ್ ಅಥವಾ ಫೆಂಡರ್ ಲೈನರ್ (ಚಕ್ರದ ಗೂಡಿನ ಒಳಹೊದಿಕೆ) ಮೇಲೆ ಬಿದ್ದಿದ್ದರೆ ಬೇಡವೇ ಬೇಡ. ಚಕ್ರ ಹೊರಗೆ ಹೋದಷ್ಟೂ ತಿರುಗುವಾಗ ಅದು ಬಳಸುವ ಸುತ್ತು ದೊಡ್ಡದಾಗುತ್ತದೆ, ಉಜ್ಜುವುದು ಇನ್ನೂ ಜಾಸ್ತಿಯಾಗುತ್ತದೆ.

ಸ್ಪೇಸರ್ ಬೇಕೇ ಬೇಕು ಅಂತಾದರೆ, ಎರಡು ಬಗೆ ಇವೆ. ಒಂದು ಸುಮ್ನೆ ಹಬ್ (ಗಾಡಿಯಲ್ಲಿ ಚಕ್ರ ಕೂರುವ ನಡುಭಾಗ) ಮತ್ತು ಚಕ್ರದ ನಡುವೆ ಕೂರುವ ತೆಳು ಬಿಲ್ಲೆ. ಇದು ಹಾಕಿದಷ್ಟೂ ಸ್ಟಡ್ಡಿನ, ಅಂದರೆ ಚಕ್ರದ ನಟ್ ಕೂರಲು ಹಬ್ಬಿನಿಂದ ಚಾಚಿದ ಬೋಲ್ಟಿನ, ಉದ್ದ ತಿನ್ನುತ್ತದೆ. ನಿಮ್ಮ ಗಾಡಿಯ ಸ್ಟಡ್ 12 ಮಿ.ಮೀ. ದಪ್ಪ, ಪಿಚ್ (ಒಂದು ಸುತ್ತಿಗೆ ನಟ್ ಮುಂದೆ ಹೋಗುವ ದೂರ) 1.5 ಮಿ.ಮೀ. ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ ನಟ್ಟಿನೊಳಗೆ ಇರಬೇಕು, ಅಂದರೆ ನಟ್ ಹಿಡಿದ ಮೇಲೆ ಕೈಯಲ್ಲಿ ಎಂಟು ಸುತ್ತು ತಿರುಗಬೇಕು. ಏಳಕ್ಕೇ ನಿಂತರೆ ಆ ಬಿಲ್ಲೆ ತೆಗೆದುಬಿಡಿ. ಇನ್ನೊಂದು ಬಗೆ ದಪ್ಪದ್ದು. ಅದು ಗಾಡಿಯ ಸ್ಟಡ್ಡಿಗೆ ತಾನೇ ಬೋಲ್ಟ್ ಆಗಿ, ತನ್ನದೇ ಸ್ಟಡ್ಡಿನ ಮೇಲೆ ಚಕ್ರ ಹಿಡಿಯುತ್ತದೆ. ಸಾಮಾನ್ಯವಾಗಿ 25 ಮಿ.ಮೀ.ನಿಂದ ಮೇಲೆ. 10ರಿಂದ 20ರ ನಡುವಿನದು ಅಂತ ಯಾರಾದರೂ ತಂದುಕೊಟ್ಟರೆ ಅನುಮಾನದಿಂದಲೇ ನೋಡಿ: ಬಿಲ್ಲೆಯಾದರೆ ಥ್ರೆಡ್ ಸಾಲದು, ಬೋಲ್ಟ್ ಆಗುವುದಾದರೆ ನಟ್ಟಿನ ಕೆಳಗೆ ಲೋಹ ಸಾಲದು.

ದಪ್ಪದ್ದರಲ್ಲಿ ಜನ ಮರೆಯುವುದು ಒಂದೇ. ಗಾಡಿಯ ಹಳೇ ಸ್ಟಡ್ ಸ್ಪೇಸರ್ ದಾಟಿ ಹೊರಗೆ ಇಣುಕಬಾರದು. ಎರಡು ಮಿ.ಮೀ. ಇಣುಕಿದರೂ ಚಕ್ರ ಸಮವಾಗಿ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ನಟ್ ಬಿಗಿಯಾದ ಹಾಗೂ ಅನಿಸುತ್ತದೆ, ಆದರೆ ಚಕ್ರ ನಿಂತಿರುವುದು ಆ ಮೊನೆಗಳ ಮೇಲೆ. ಚಕ್ರದ ಹಿಂದೆ ಸ್ಟಡ್ಡಿಗೆ ಜಾಗ ಬಿಟ್ಟ ಗುಳಿ ಇದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಇನ್ನೂ ದಪ್ಪದ್ದು ಬೇಕು.

ಕೊಳ್ಳುವಾಗ "6 ಸ್ಟಡ್, 139.7" (ಆರು ಸ್ಟಡ್ ಕೂತ ವೃತ್ತದ ವ್ಯಾಸ, ಮಿ.ಮೀ.ನಲ್ಲಿ) ಅಂದರೆ ಸಾಲದು. ಅಮೆರಿಕದ ಶೆವರ್ಲೆ ಸಿಲ್ವರಾಡೋ ಪಿಕಪ್ ಕೂಡ 6 ಸ್ಟಡ್, 139.7 ಮಿ.ಮೀ. ಆದರೆ ಅದರ ನಡುವಿನ ತೂತು 78.1, ಹೈಲಕ್ಸಿನದು 106. ಅದರ ಸ್ಪೇಸರ್ ನಿಮ್ಮ ಹಬ್ ಮೇಲೆ ಹತ್ತುವುದೇ ಇಲ್ಲ. ನಿಮಗೆ ಒಳಗೆ 106 ತೂತು, ಹೊರಗೆ ಅಷ್ಟೇ ಅಳತೆಯ ಬಳೆ ಎರಡೂ ಇರುವುದು ಬೇಕು. ಆಗ ಚಕ್ರವನ್ನು ನಟ್ಟಿನ ಬದಲು ಆ ಬಳೆ ನಡುಮಧ್ಯಕ್ಕೆ ತರುತ್ತದೆ. ಇಲ್ಲದಿದ್ದರೆ 80-90ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ಲೋಹ 6061-ಟಿ6 ಅಥವಾ 7075-ಟಿ6 ಅಲ್ಯೂಮಿನಿಯಂ ಇರಲಿ. ಅಚ್ಚಿಗೆ ಎರಕ ಹೊಯ್ದದ್ದು ಅಗ್ಗಕ್ಕೆ ಸಿಗುತ್ತದೆ, ದಯವಿಟ್ಟು ಬೇಡ. ನಟ್ಟಿನ ಬುಡವನ್ನೂ ನೋಡಿ. ಕೆಲವು ಅಲಾಯ್ ಚಕ್ರಕ್ಕೆ ವಾಷರ್ ಇರುವ ಚಪ್ಪಟೆ ನಟ್ ಬೇಕು, ಸ್ಪೇಸರ್ ಜೊತೆ ಬರುವುದು ಶಂಕುವಿನಂಥ ಮೊನೆಯದು. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಹಿಡಿತವೇ ಇರುವುದಿಲ್ಲ.

ಹಾಕುವಾಗ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿಸಿ. ನಿಮ್ಮ ಕಡೆಯ ಮಳೆಗೆ ತುಕ್ಕು ಪದರ ಕಟ್ಟಿರುತ್ತದೆ. ಅದರ ಮೇಲೆ ಬಿಗಿ ಮಾಡಿದರೆ, ತುಕ್ಕು ಪುಡಿಯಾದ ದಿನ ನಟ್ ಸಡಿಲ. ಸ್ಟಡ್ಡಿಗೆ ಗ್ರೀಸ್ ಬೇಡ, ಬಿಗಿಯ ಲೆಕ್ಕ ತಪ್ಪುತ್ತದೆ. ಎದುರುಬದುರು ನಟ್ ಹಿಡಿಯುತ್ತಾ, ಗಾಡಿಯ ಕೈಪಿಡಿಯಲ್ಲಿ ಬರೆದಷ್ಟೇ ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ಕೊಡಿಸಿ, ಸ್ಪೇಸರ್ ನಟ್ಟಿಗೂ ಚಕ್ರದ ನಟ್ಟಿಗೂ. ನೂರು ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ ಮತ್ತೆ ನೋಡಲೇಬೇಕು. ಒಳಗಿನದು ಹೊರಗಿನಿಂದ ಕಾಣುವುದಿಲ್ಲ, ಅಲ್ವಾ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಹಳೇ ಪಿಕಪ್‌ಗೆ ಒಂದು ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಟರ್ರ್ ಅಂತ ಬಿಗಿ ಮಾಡಿ ಕಳಿಸಿದರು, ನಾನೂ ಮತ್ತೆ ನೋಡಲಿಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಎಡಚಕ್ರದಿಂದ ಟಕ್ ಟಕ್ ಸದ್ದು ಬಂತು. ಕಲ್ಲು ಸಿಕ್ಕಿದೆ ಅಂದುಕೊಂಡೆ. ಮನೆಯವರು "ನಿಲ್ಲಿಸಿ ನೋಡಿ" ಅಂದದ್ದಕ್ಕೆ ನಿಲ್ಲಿಸಿದೆ. ಚಕ್ರ ಬಿಚ್ಚಿದರೆ ಒಳಗಿನ ಆರು ನಟ್ಟಿನಲ್ಲಿ ಎರಡು ಬೆರಳಲ್ಲೇ ತಿರುಗಿದವು, ಒಂದು ಸ್ಟಡ್ ಅರ್ಧ ಸವೆದಿತ್ತು. ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿದ್ದರು.

ನಾನಾದರೆ ನಿಮ್ಮ ಜಾಗದಲ್ಲಿ ಸ್ಪೇಸರ್ ದುಡ್ಡಿಗೆ ಇನ್ನಷ್ಟು ಸೇರಿಸಿ, ಆಫ್‌ಸೆಟ್ ಕಡಿಮೆ ಇರುವ, ಅಂದರೆ ತಾನೇ ಹೊರಕ್ಕೆ ಕೂರುವ, ಚಕ್ರವನ್ನೇ ಕೊಳ್ಳುತ್ತೇನೆ. ಬೇರಿಂಗ್ ಮೇಲಿನ ಭಾರ ಎರಡರಲ್ಲೂ ಜಾಸ್ತಿಯೇ, ಆದರೆ ಕಳಚಬಹುದಾದ ಒಂದು ಜೋಡಣೆ ಕಡಿಮೆಯಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ನೆನಪಿರಲಿ: ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆರ್‌ಟಿಒ ಮತ್ತು ವಿಮೆ ಕಂಪನಿಯನ್ನು ಮೊದಲೇ ಕೇಳಿ.

ಪ್ರಶ್ನೆ: ಬೊಲೆರೋ ಪಿಕಪ್‌ನಲ್ಲಿ ಟೊಮೇಟೊ ಕ್ರೇಟ್ ಒಯ್ಯುತ್ತೇನೆ. ತಿರುವಿನಲ್ಲಿ ಗಾಡಿ ವಾಲುತ್ತದೆ. ಹಿಂದಕ್ಕೆ ಸ್ಪೇಸರ್ ಹಾಕಲಾ?
– ಕೋಲಾರದ ಓದುಗರು

ಉತ್ತರ: ಬೇಡ. 25 ಮಿ.ಮೀ. ಹಾಕಿದರೆ ಎರಡೂ ಕಡೆ ಸೇರಿ ಅಗಲವಾಗುವುದು 5 ಸೆಂ.ಮೀ. ಮಾತ್ರ. ಆದರೆ ಪೂರ್ತಿ ಲೋಡು ಬೇರಿಂಗನ್ನು ಆ 25 ಮಿ.ಮೀ. ಹೆಚ್ಚು ದೂರದಿಂದ ಮೀಟುತ್ತದೆ. ಕ್ರೇಟಿನ ಒಂದು ಸಾಲು ಕಡಿಮೆ ಮಾಡಿ, ಟೈರ್ ಗಾಳಿ ನೋಡಿ, ಹಿಂದಿನ ಪಟ್ಟಾದಲ್ಲಿ (ಲೀಫ್ ಸ್ಪ್ರಿಂಗ್) ಮುರಿದ ಎಲೆ ಇದೆಯೇ ನೋಡಿಸಿ. ವಾಲಾಟ ಸಾಮಾನ್ಯವಾಗಿ ಈ ಮೂರರಿಂದಲೇ ಬರುತ್ತದೆ.

ಪ್ರಶ್ನೆ: ನನ್ನದು 2018ರ ಫೋರ್ಡ್ ಎಫ್-150. ಗೆಳೆಯನ ಟೊಯೋಟಾ ಚಕ್ರ ಚೆನ್ನಾಗಿವೆ. ಸ್ಟಡ್ ವೃತ್ತದಲ್ಲಿ 4.7 ಮಿ.ಮೀ. ತಾನೇ ವ್ಯತ್ಯಾಸ, ನೇರ ಹಾಕಬಹುದಾ?
– ಟೆಕ್ಸಾಸ್‌ನಲ್ಲಿರುವ ಮೈಸೂರಿನವರು

ಉತ್ತರ: ಒತ್ತಿ ಕೂರಿಸಬೇಡಿ, ಸ್ಟಡ್ ಬಾಗುತ್ತದೆ. ನಿಮ್ಮದು 6 ಸ್ಟಡ್, 135 ಮಿ.ಮೀ., ಟೊಯೋಟಾದ್ದು 139.7. ಇದಕ್ಕೆ ಸ್ಪೇಸರ್ ಅಲ್ಲ, ಒಳಗೆ 135ರ ತೂತು, ಹೊರಗೆ 139.7ರ ಸ್ಟಡ್ ಇರುವ ಅಡಾಪ್ಟರ್ ಬೇಕು. ನಡುತೂತು ನಿಮ್ಮ 87.1ಕ್ಕೆ ಹೊಂದಬೇಕು. ನಿಮ್ಮ ಗಾಡಿಯ ಸ್ಟಡ್ 14 ಮಿ.ಮೀ., ಪಿಚ್ 1.5, ಬಿಗಿ 204 ನ್ಯೂಟನ್ ಮೀಟರ್. ಅಡಾಪ್ಟರ್ ಹಾಕಿ ಟ್ರೈಲರ್ ಎಳೆಯುವುದಾದರೆ ಆ ಚಕ್ರಗಳ ಆಸೆಯನ್ನೇ ಬಿಡಿ.