ಪ್ಲೇಆಫ್ ಗೆರೆಗೆ ನಮ್ಮ ಐಸ್ ಹಾಕಿ ತಂಡ 7 ಪಾಯಿಂಟ್ ಹಿಂದಿದೆ, 20 ಪಂದ್ಯ ಬಾಕಿ. ಉಳಿದ ಟಿಕೆಟ್ ಮಾರಿಬಿಡಲಾ?

ಮಾರಬೇಡಿ. ನಾನು ಮಾರಿದ್ದೆ.

2015ರ ಫೆಬ್ರವರಿ 17, ಮಂಗಳವಾರ. ಏಳು ಪಂದ್ಯಗಳ ಟಿಕೆಟ್, ಪ್ರತಿ ಪಂದ್ಯಕ್ಕೂ ಎರಡು ಸೀಟು. ಎಲ್ಲವನ್ನೂ ಸೇರಿಸಿ 560 ಡಾಲರ್‌ಗೆ ಆಫೀಸಿನಲ್ಲೇ ಒಬ್ಬರಿಗೆ ಕೊಟ್ಟುಬಿಟ್ಟೆ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ. ಆದರೂ ಅವತ್ತು ಮನೆಗೆ ಬರುವಾಗ ಬುದ್ಧಿವಂತಿಕೆಯ ಕೆಲಸ ಮಾಡಿದೆ ಅನ್ನಿಸಿತ್ತು.

ನೀವು ಬರೆದಿದ್ದೀರಲ್ಲ, 'ಮಗನಿಗೆ ಸುಮ್ನೆ ಸೋಲು ತೋರಿಸೋದು ಯಾಕೆ' ಅಂತ. ಅದೇ ಮಾತನ್ನು ನಾನು ನನ್ನ ಹೆಂಡತಿಗೆ ಹೇಳಿದ್ದೆ, ಮಗಳ ವಿಷಯದಲ್ಲಿ. ಅವಳಿಗೆ ಆಗ ಒಂಬತ್ತು ವರ್ಷ. ನಮ್ಮ ತಂಡದ ಆಟಗಾರ ಕಾರ್ಲ್‌ಸನ್‌ನ 65ನೇ ನಂಬರಿನ ಕೆಂಪು ಜರ್ಸಿ ಹಾಕಿಕೊಂಡೇ ಮಲಗುತ್ತಿದ್ದಳು.

ನಮ್ಮ ತಂಡ ಕೆನಡಾದ ಆಟವಾ ಸೆನೆಟರ್ಸ್. ಮನೆ ಕನಾಟಾದಲ್ಲಿ, ತಂಡ ಆಡುವ ಐಸ್ ರಿಂಕ್‌ನಿಂದ ಕಾರಿನಲ್ಲಿ ಹತ್ತೇ ನಿಮಿಷ. ಊರಿನ ಹೆಸರು ಕೇಳಿಯೇ ಅರ್ಧ ಮನಸ್ಸು ಸೋತಿದ್ದೆ, ಕರ್ನಾಟಕದವನಿಗೆ ಕನಾಟಾ ಅಂದರೆ ಹಾಗೇ ಅಲ್ವಾ. ನಾನು ಬೆಳೆದದ್ದು ಕೊಡಗಿನ ನಾಪೋಕ್ಲು ಕಡೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡ ಸೇರಿ ಕೊಡವ ಹಾಕಿ ಹಬ್ಬ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಅಲ್ಲಿ ಸೋತರೆ ಮುಗಿಯಿತು, ಸ್ಟಿಕ್ ಹೆಗಲಿಗೆ ಹಾಕಿಕೊಂಡು ಮನೆಗೆ. ಇನ್ನೊಬ್ಬರು ಸೋತರೆ ನಾವು ಒಳಗೆ ಬರ್ತೀವಾ ಅಂತ ಕೂತು ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ. ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 82 ಪಂದ್ಯದ ಪಾಯಿಂಟ್ ಪಟ್ಟಿ ನನಗೆ ಹೊಸದು. ಕಲಿತೆ. ಕಲಿತ ಮೇಲೆ ಅದನ್ನು ಜಾಸ್ತಿಯೇ ನಂಬಿದೆ.

ಆ ನಂಬಿಕೆಯೇ ನನ್ನ ತಪ್ಪು. ಅದನ್ನು ಪೂರ್ತಿ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ.

ಫೆಬ್ರವರಿ 10ಕ್ಕೆ ನಾವು ಪ್ಲೇಆಫ್ ಜಾಗಕ್ಕಿಂತ 14 ಪಾಯಿಂಟ್ ಹಿಂದಿದ್ದೆವು. 51 ಪಂದ್ಯ ಮುಗಿದಿತ್ತು: 20 ಗೆಲುವು, 22 ಸೋಲು, ಓವರ್‌ಟೈಮ್ (ಹೆಚ್ಚುವರಿ ಸಮಯ) ಇಲ್ಲವೇ ಶೂಟೌಟ್‌ನಲ್ಲಿ ಇನ್ನೂ 9 ಸೋಲು. ಗೆಲುವಿಗೆ 2, ಆ ಒಂಬತ್ತಕ್ಕೆ ತಲಾ 1, ಒಟ್ಟು 49 ಪಾಯಿಂಟ್. ನಾನು ಎಕ್ಸೆಲ್ ಶೀಟ್ ತೆರೆದೆ. 49ನ್ನು 51ರಿಂದ ಭಾಗಿಸಿ, ಉಳಿದ 31 ಪಂದ್ಯಕ್ಕೆ ಗುಣಿಸಿದೆ. 30 ಪಾಯಿಂಟ್ ಬಂತು. ಒಟ್ಟು 79. ಒಳಗೆ ಹೋಗಲು 97 ಆದರೂ ಬೇಕು ಅಂತ ಅಂದಾಜು ಮಾಡಿಕೊಂಡಿದ್ದೆ. 31ರಲ್ಲಿ 24 ಗೆಲ್ಲಬೇಕು. ಹಿಂದಿನ 51ರಲ್ಲಿ ಗೆದ್ದದ್ದು 20. ಆ ಸಾಲಿಗೆ ಕೆಂಪು ಬಣ್ಣ ಹಾಕಿದೆ.

ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಎಲ್ಲಿ ಅಂದರೆ, ಆ 51 ಪಂದ್ಯ ಆಡಿದ ತಂಡವೇ ಉಳಿದ 31ನ್ನೂ ಆಡುತ್ತೆ ಅಂತ ಅಂದುಕೊಂಡದ್ದರಲ್ಲಿ. ಮೊದಲ 27 ಪಂದ್ಯಕ್ಕೆ ಕೋಚ್ ಪಾಲ್ ಮ್ಯಾಕ್‌ಲೀನ್. ಡಿಸೆಂಬರ್‌ನಲ್ಲಿ ಅವರು ಹೋಗಿ ಡೇವ್ ಕ್ಯಾಮರನ್ ಬಂದರು. ಕ್ಯಾಮರನ್ ಬಂದ ಮೇಲೂ ಮೊದಲ 24 ಪಂದ್ಯದಲ್ಲಿ ಗೆದ್ದದ್ದು 9 ಮಾತ್ರ. ಅದಕ್ಕೇ ಕೋಚ್ ಬದಲಾದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಅಷ್ಟರಲ್ಲಿ ಮಾರ್ಕ್ ಸ್ಟೋನ್, ಮೈಕ್ ಹಾಫ್‌ಮನ್‌ರಂಥ ಹೊಸ ಹುಡುಗರು ತಂಡವನ್ನು ಎಳೆಯುವವರಾಗಿದ್ದರು. ಮನೆಯಲ್ಲಿ ಟಿವಿ ನೋಡುವಾಗ ನನ್ನ ಕಣ್ಣಿಗೂ ಅದು ಬಿದ್ದಿತ್ತು. ಸ್ಟೋನ್ ಎದುರಾಳಿಯ ಸ್ಟಿಕ್‌ನಿಂದ ಪಕ್ (ಚೆಂಡಿನ ಬದಲು ಆಡುವ ಬಿಲ್ಲೆ) ಕದಿಯುವ ರೀತಿ ನೋಡಿ ಮಗಳು ಕುರ್ಚಿಯಿಂದ ಏಳುತ್ತಿದ್ದಳು. ಕಣ್ಣು ಒಂದು ಹೇಳುತ್ತಿತ್ತು, ಶೀಟ್ ಇನ್ನೊಂದು. ನಾನು ಶೀಟ್ ನಂಬಿದೆ.

ಇನ್ನೊಂದು ಮಾತು. ಶೀಟಿನಲ್ಲಿ ನಮ್ಮ ತಂಡ ಒಂದೇ ಇತ್ತು. ಮುಂದಿದ್ದವರಿಗೂ ನಮಗೂ ನೇರ ಪಂದ್ಯಗಳು ಬಾಕಿ ಇರುವುದನ್ನು ನಾನು ನೋಡಲೇ ಇಲ್ಲ. ಅಂಥ ಪಂದ್ಯವನ್ನು ಇಲ್ಲಿ ನಾಲ್ಕು ಪಾಯಿಂಟಿನ ಪಂದ್ಯ ಅಂತಾರೆ. ನಾವು ಗೆದ್ದರೆ ನಮಗೆ 2 ಬರುವುದಷ್ಟೇ ಅಲ್ಲ, ಅವರಿಗೆ ಬರಬಹುದಾಗಿದ್ದ 2 ಕೂಡ ಹೋಗುತ್ತೆ. ಮಾರ್ಚ್ 19ಕ್ಕೆ ಬೋಸ್ಟನ್ ನಮ್ಮೂರಿಗೆ ಬರುವುದಿತ್ತು. ಆ ಟಿಕೆಟ್ ಎದುರು ನಾನು ಬರೆದುಕೊಂಡದ್ದು ಇಷ್ಟು: 'ಬೋಸ್ಟನ್ ಫ್ಯಾನ್ಸ್ ಬರ್ತಾರೆ, ಒಳ್ಳೆ ರೇಟ್ ಸಿಗುತ್ತೆ.'

ಫೆಬ್ರವರಿ 16ರಂದು ಕೆರೊಲಿನಾ ಎದುರು ನಮ್ಮ ಗೋಲ್‌ಕೀಪರ್ ರಾಬಿನ್ ಲೇನರ್‌ಗೆ ನಮ್ಮವರೇ ಆದ ಕ್ಲಾರ್ಕ್ ಮ್ಯಾಕಾರ್ಥರ್ ಡಿಕ್ಕಿ ಹೊಡೆದರು. ಇಬ್ಬರಿಗೂ ತಲೆಗೆ ಪೆಟ್ಟು. ಮೊದಲ ಗೋಲ್‌ಕೀಪರ್ ಕ್ರೇಗ್ ಆಂಡರ್ಸನ್ ಕೈ ನೋವಿನಿಂದ ಆಗಲೇ ಹೊರಗಿದ್ದರು. ಇನ್ನು ಉಳಿದವನು ಆಂಡ್ರ್ಯೂ ಹ್ಯಾಮಂಡ್. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದ ಹುಡುಗ. 27 ವರ್ಷವಾಗಿದ್ದರೂ ಆ ವರ್ಷದ ಬಹುಪಾಲು ಕೆಳಗಿನ ಲೀಗ್‌ನಲ್ಲಿ, ಬಿಂಗ್‌ಹ್ಯಾಮ್ಟನ್‌ನಲ್ಲೇ ಆಡಿದ್ದ. ಅಲ್ಲೂ ಹೇಳಿಕೊಳ್ಳುವಂಥ ಆಟ ಇರಲಿಲ್ಲ. ಇನ್ನೇನಿದೆ ಅಂದುಕೊಂಡು ಮರುದಿನ ಟಿಕೆಟ್ ಮಾರಿದೆ.

ಅದರ ಮರುದಿನ, ಬುಧವಾರ, ಹ್ಯಾಮಂಡ್ ಎನ್‌ಎಚ್‌ಎಲ್‌ನಲ್ಲಿ ಮೊದಲ ಸಲ ಶುರುವಿನಿಂದ ನಿಂತ. ಮಾಂಟ್ರಿಯಲ್‌ನಲ್ಲಿ. 4-2 ಗೆದ್ದೆವು.

ಮುಂದಿನ ವಾರ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ನಮ್ಮ ಸಮಯಕ್ಕೆ ರಾತ್ರಿ ಹತ್ತು ಗಂಟೆಯ ಮೇಲೆ ಪಂದ್ಯ. ಅನಹೈಮ್ ಎದುರು 3-0. ಮರುದಿನ ರಾತ್ರಿಯೇ ಲಾಸ್ ಏಂಜಲಿಸ್ ಎದುರು 1-0. ಎರಡು ರಾತ್ರಿ, ಒಂದೂ ಗೋಲ್ ಬಿಡಲಿಲ್ಲ. ಮಗಳಿಗೆ ಬೆಳಿಗ್ಗೆ ಸ್ಕೂಲ್. ಏಳುತ್ತಲೇ 'ಅಪ್ಪ, ಹ್ಯಾಮಂಡ್?' ಅಂತ ಕೇಳುತ್ತಿದ್ದಳು. ನಾನು ಹೆಬ್ಬೆಟ್ಟು ಎತ್ತಿ ತೋರಿಸುತ್ತಿದ್ದೆ. ಶುರುವಿನ 12 ಪಂದ್ಯಗಳಲ್ಲಿ ಒಂದರಲ್ಲೂ ಅವನು ಎರಡಕ್ಕಿಂತ ಹೆಚ್ಚು ಗೋಲ್ ಬಿಡಲಿಲ್ಲ. 1938-39ರಲ್ಲಿ ಫ್ರಾಂಕ್ ಬ್ರಿಮ್ಸೆಕ್ ಮಾಡಿದ್ದ ದಾಖಲೆಗೆ ಅದು ಸಮ. ಅವನ ಅಡ್ಡಹೆಸರು ಹ್ಯಾಂಬರ್ಗ್ಲರ್, ಬರ್ಗರ್ ಕಳ್ಳ. ಗೆದ್ದಾಗಲೆಲ್ಲ ಜನ ಐಸ್ ಮೇಲೆ ಬರ್ಗರ್ ಎಸೆಯತೊಡಗಿದರು.

ಮಾರ್ಚ್ 19 ಬಂತು. ಬೋಸ್ಟನ್ ಎದುರು 6-4 ಗೆದ್ದೆವು. ಹತ್ತು ನಿಮಿಷದ ದಾರಿ ಹೋಗಬಹುದಾಗಿದ್ದವನು ಮನೆಯ ಸೋಫಾದಲ್ಲಿ ಕೂತು ನೋಡಿದೆ. ಪಂದ್ಯ ಮುಗಿದ ಮೇಲೆ ಐಸ್ ಮೇಲೆ ಬಿದ್ದಿದ್ದ ಬರ್ಗರ್ ಒಂದನ್ನು ನಮ್ಮ ಆಟಗಾರ ಕರ್ಟಿಸ್ ಲೇಜರ್ ಎತ್ತಿಕೊಂಡು ಅಲ್ಲೇ ಕಚ್ಚಿದ. ಇಡೀ ರಿಂಕ್ ಕೂಗುತ್ತಿತ್ತು. ಮಗಳು ಕೂಗಲಿಲ್ಲ. ಟಿವಿ ಹತ್ತಿರ ಹೋಗಿ ನಿಂತು, ನಮ್ಮ ಸೀಟು ಇರುವ ಮೂಲೆಯನ್ನು ಹುಡುಕಿ, 'ಅಪ್ಪ, ಅಲ್ಲಿ ಈಗ ಯಾರು ಕೂತಿದ್ದಾರೆ?' ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷವಾದರೂ ಆ ಪ್ರಶ್ನೆ ನೆನಪಾದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಸೋಲು ನೋಡಿ ಅವಳಿಗೆ ನೋವಾಗಬಾರದು ಅಂತ ಟಿಕೆಟ್ ಮಾರಿದ್ದೆ. ನಾನು ಮಾರಿದ್ದು ಅವಳ ಗೆಲುವನ್ನು.

ಏಪ್ರಿಲ್ 11ರಂದು, ಸೀಸನ್‌ನ ಕೊನೆಯ ದಿನ, ಫಿಲಡೆಲ್ಫಿಯಾದಲ್ಲಿ 3-1 ಗೆದ್ದು ಒಳಗೆ ಹೋದೆವು. ಆ 31 ಪಂದ್ಯಗಳಲ್ಲಿ 23 ಗೆಲುವು, 4 ಸೋಲು, 4 ಓವರ್‌ಟೈಮ್ ಸೋಲು. ನಾನು 30 ಬರುತ್ತೆ ಅಂದಿದ್ದ ಕಡೆ 50 ಪಾಯಿಂಟ್ ಬಂತು, ಒಟ್ಟು 99. ಬೋಸ್ಟನ್ 96ಕ್ಕೆ ನಿಂತು ಹೊರಗುಳಿಯಿತು. ಹ್ಯಾಮಂಡ್‌ನ ಲೆಕ್ಕ 20 ಗೆಲುವು, ಪೂರಾ ಸೋಲು ಒಂದೇ ಒಂದು, ಓವರ್‌ಟೈಮ್ ಸೋಲು ಎರಡು. 14 ಪಾಯಿಂಟ್ ಹಿಂದೆ ಬಿದ್ದ ತಂಡ ಪ್ಲೇಆಫ್ ತಲುಪಿದ್ದು ಈಗಿನ ಎನ್‌ಎಚ್‌ಎಲ್‌ನಲ್ಲಿ ಅದೇ ಮೊದಲು. ಆ ವರ್ಷ ಮ್ಯಾನೇಜರ್ ಬ್ರಯನ್ ಮರ್ರಿ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದರು. ಸಹಾಯಕ ಕೋಚ್ ಮಾರ್ಕ್ ರೀಡ್ಸ್ ಕೂಡ. ಪ್ಲೇಆಫ್ ಖಚಿತವಾದ ಮೂರೇ ದಿನಕ್ಕೆ ರೀಡ್ಸ್ ತೀರಿಕೊಂಡರು. ಆ ಹುಡುಗರು ಯಾರಿಗೋಸ್ಕರ ಓಡುತ್ತಿದ್ದರು ಅನ್ನುವುದೆಲ್ಲ ಯಾವ ಶೀಟಿನಲ್ಲೂ ಬರುವುದಿಲ್ಲ.

ಈಗ ನಿಮ್ಮ ಇನ್ನೊಂದು ಮಾತು: 'ಹೇಗೂ ಮೊದಲ ಸುತ್ತಿನಲ್ಲೇ ಸೋಲೋದಾದರೆ, ಕೆಳಗೆ ಮುಗಿಸಿ ಒಳ್ಳೆ ಡ್ರಾಫ್ಟ್ ಆಯ್ಕೆ ಪಡೆಯೋದೇ ಮೇಲಲ್ವಾ?' ಇದನ್ನು ನಾನು ಒಪ್ಪೋದೇ ಇಲ್ಲ. 2018ರಿಂದ 2024ರವರೆಗೆ, ಸತತ ಏಳು ಸೀಸನ್, ನಾವು ಪ್ಲೇಆಫ್ ನೋಡಲಿಲ್ಲ. ಕೆಳಗೆ ಮುಗಿಸುವುದು ಹೇಗಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. 2018-19ರಲ್ಲಿ ಇಡೀ ಲೀಗ್‌ಗೇ ಕೊನೆ ನಾವು. ಆದರೆ ಆ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನು ಮ್ಯಾಟ್ ಡುಶೇನ್ ಎಂಬ ಆಟಗಾರನಿಗಾಗಿ ಕೊಲೊರಾಡೊಗೆ ಕೊಟ್ಟಾಗಿತ್ತು. ಆಯ್ಕೆಯ ಸರದಿಗಾಗಿ ಲಾಟರಿ ಎತ್ತಿದಾಗ ಕೊಲೊರಾಡೊಗೂ ಮೊದಲ ಆಯ್ಕೆ ಬರಲಿಲ್ಲ, ನಾಲ್ಕನೆಯದು ಬಂತು. ಒಂದು ವರ್ಷ ಪೂರ್ತಿ ಸೋತು ನಮಗೆ ಸಿಕ್ಕಿದ್ದೇನು? ಬೇರೆ ವರ್ಷಗಳ ಡ್ರಾಫ್ಟ್‌ನಿಂದ ನಮಗೆ ಟ್ಕಾಚುಕ್, ಸ್ಟುಟ್ಸ್ಲ, ಸ್ಯಾಂಡರ್ಸನ್‌ರಂಥ ಒಳ್ಳೆ ಆಟಗಾರರು ಸಿಕ್ಕಿದ್ದು ನಿಜ. ಅವರನ್ನಿಟ್ಟುಕೊಂಡೂ ವರ್ಷಗಟ್ಟಲೆ ಕಾದೆವು. ಸೋಲುವುದಕ್ಕೆ ತಂಡ ಒಗ್ಗಿಹೋದರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಮೊದಲ ಸುತ್ತಿನಲ್ಲೇ ಸೋಲ್ತೀವಿ ಅಂತ ನಿಮಗೆ ಹೇಳಿದ್ದಾದರೂ ಯಾರು? 2023ರಲ್ಲಿ ಫ್ಲೋರಿಡಾ 92 ಪಾಯಿಂಟ್‌ನಲ್ಲಿ ಪೂರ್ವ ಭಾಗದ ಕೊನೆಯ ಜಾಗ ಹಿಡಿದು ಒಳಗೆ ಬಂತು. ಬಂದು, 135 ಪಾಯಿಂಟ್‌ನ ದಾಖಲೆ ಮಾಡಿದ್ದ ಬೋಸ್ಟನ್ನನ್ನೇ ಮೊದಲ ಸುತ್ತಿನಲ್ಲಿ ಮನೆಗೆ ಕಳಿಸಿ ಫೈನಲ್‌ವರೆಗೆ ಹೋಯಿತು. ಸೇಂಟ್ ಲೂಯಿಸ್ 2019ರ ಜನವರಿ ಶುರುವಿನಲ್ಲಿ ಲೀಗ್‌ಗೇ ಕೊನೆಯಲ್ಲಿತ್ತು, ಜೂನ್‌ನಲ್ಲಿ ಕಪ್ ಎತ್ತಿತು.

ಅದೆಲ್ಲ ಆಗದೇ ಹೋದರೂ ನನ್ನ ಉತ್ತರ ಬದಲಾಗುವುದಿಲ್ಲ. ಒಳಗೆ ಹೋದರೆ ಮಾತ್ರ ಈ ಟಿಕೆಟ್‌ಗೆ ಬೆಲೆ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಮಾರ್ಚ್ ತಿಂಗಳ ಈ ಓಟವೇ ವರ್ಷದ ಅತ್ಯುತ್ತಮ ಹಾಕಿ. ನವೆಂಬರ್‌ನಲ್ಲಿ ಯಾರೂ ಹೀಗೆ ಶಾಟ್‌ಗೆ ಅಡ್ಡ ಬೀಳುವುದಿಲ್ಲ. ಪಂದ್ಯದ ಮಧ್ಯೆ ಇನ್ನೊಂದು ಊರಿನ ಸ್ಕೋರ್ ಬೋರ್ಡ್ ಮೇಲೆ ಬಂದಾಗ 18 ಸಾವಿರ ಜನ ಒಟ್ಟಿಗೆ ಉಸಿರು ಹಿಡಿಯುವುದನ್ನು ನಿಮ್ಮ ಮಗ ಒಂದು ಸಲವಾದರೂ ಕೇಳಬೇಕು.

ಲೆಕ್ಕ ಹಾಕಲೇಬೇಕು ಅಂದರೆ ಹಾಕಿ, ಆದರೆ ಕಳೆದ ಹತ್ತು ಪಂದ್ಯ ನೋಡಿ, ಅಕ್ಟೋಬರ್‌ನದ್ದು ಬಿಡಿ. ಮುಂದಿರುವ ತಂಡ ನಿಮಗಿಂತ ಎಷ್ಟು ಪಂದ್ಯ ಜಾಸ್ತಿ ಆಡಿದೆ ಅಂತ ನೋಡಿ. ಅವರ ಜೊತೆ ನೇರ ಪಂದ್ಯ ಎಷ್ಟು ಬಾಕಿ ಇದೆ ಎಣಿಸಿ. ದುಡ್ಡಿನ ತೊಂದರೆ ಇದ್ದರೆ, ಹೊರಗೆ ಬಿದ್ದುಹೋಗಿರುವ ತಂಡಗಳ ಎದುರಿನ ಒಂದೆರಡು ಪಂದ್ಯದ ಟಿಕೆಟ್ ಮಾತ್ರ ಕೊಡಿ, ಅದೂ ಒಂದೊಂದಾಗಿ, ಪಂದ್ಯದ ಹಿಂದಿನ ದಿನ. ನನ್ನ ಹಾಗೆ ಎಲ್ಲವನ್ನೂ ಒಂದೇ ಮಧ್ಯಾಹ್ನ ಕೊಟ್ಟುಬಿಡಬೇಡಿ. ನೇರ ಎದುರಾಳಿಯ ಪಂದ್ಯವನ್ನಂತೂ ಯಾವ ಬೆಲೆಗೂ ಬಿಡಬೇಡಿ.

2015ರ ಪ್ಲೇಆಫ್‌ನಲ್ಲಿ ನಾವು ಮಾಂಟ್ರಿಯಲ್ ಎದುರು, ನಾಲ್ಕು ಪಂದ್ಯ ಗೆಲ್ಲಬೇಕಾದ ಸರಣಿಯಲ್ಲಿ 0-3 ಹಿಂದಿದ್ದಾಗ, ನಾಲ್ಕನೇ ಪಂದ್ಯಕ್ಕೆ ಎರಡು ಟಿಕೆಟ್ ಕೊಂಡೆ. ಆ ಏಳು ಪಂದ್ಯದಿಂದ ಬಂದ 560 ಡಾಲರ್ ಅದಕ್ಕೆ ಸಾಲಲಿಲ್ಲ. ಮೂರನೇ ಪೀರಿಯಡ್‌ನಲ್ಲಿ ಹಾಫ್‌ಮನ್ ಹೊಡೆದ ಒಂದೇ ಗೋಲ್‌ನಿಂದ 1-0 ಗೆದ್ದೆವು. ಮಗಳ ಗಂಟಲು ಎರಡು ದಿನ ಬಿದ್ದುಹೋಗಿತ್ತು. ಸರಣಿಯನ್ನು ಆರನೇ ಪಂದ್ಯದಲ್ಲಿ ಸೋತೆವು.

2025ರಲ್ಲಿ ಕೊನೆಗೂ ಮತ್ತೆ ಒಳಗೆ ಬಂದಾಗ ಅವಳು ವಾಟರ್‌ಲೂನಲ್ಲಿ ಓದುತ್ತಿದ್ದಳು. ಟೊರೊಂಟೊ ಎದುರು ಮತ್ತೆ ಅದೇ 0-3. ರಾತ್ರಿ ಫೋನ್ ಬಂತು. 'ಅಪ್ಪ, ನಾಲ್ಕನೇ ಪಂದ್ಯದ ಟಿಕೆಟ್ ಇದೆ ತಾನೆ?' ಇದೆ ಅಂದೆ. ಪರೀಕ್ಷೆ ಮುಗಿಸಿ ಶುಕ್ರವಾರ ಬಸ್ ಹತ್ತಿದಳು. ಶನಿವಾರ ಓವರ್‌ಟೈಮ್‌ನಲ್ಲಿ ಸ್ಯಾಂಡರ್ಸನ್ ಗೋಲ್ ಹೊಡೆದು 4-3 ಆದಾಗ, ನಾವಿಬ್ಬರೂ ನಮ್ಮ ಸೀಟಿನ ಮುಂದೆಯೇ ನಿಂತಿದ್ದೆವು.